ಬಂದವರ ಲೆಕ್ಕ ಅದ, ಮನಿ ಮುಟ್ಟಿದವರ ಲೆಕ್ಕ ಎಲ್ಲದ?

ನಮ್ಮ ರಾಯಚೂರು ಜಿಲ್ಲೆಯ ಯಾವ ಸರಕಾರಿ ಆಸ್ಪತ್ರೆ ಬಗ್ಗೆ ಬೇಕಾದ್ರೂ ಕೇಳ್ರಿ, ಲೆಕ್ಕ ನಾಲಿಗೆ ತುದಿಯಲ್ಲೇ ಇರುತ್ತದೆ. ಎಷ್ಟು ಹಾಸಿಗೆ, ಎಷ್ಟು ಕೋಟಿಯ ಕಟ್ಟಡ, ದಿನಕ್ಕೆ ಎಷ್ಟು ಓಪಿಡಿ, ತಿಂಗಳಿಗೆ ಎಷ್ಟು ಹೆರಿಗೆ, ಅದರಾಗ ಎಷ್ಟು ಸಿಸೇರಿಯನ್. ಕೆಡಿಪಿ ಸಭೆಯಲ್ಲಿ ಸಚಿವರು ಕೇಳುವುದು ಇದನ್ನೇ, ಅಧಿಕಾರಿಗಳು ಓದಿ ಹೇಳುವುದು ಇದನ್ನೇ, ಮರುದಿನ ಪೇಪರಿನಲ್ಲಿ ಬರುವುದೂ ಇದನ್ನೇ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಆ ಬಾಗಿಲಿನಿಂದ ಒಳಗೆ ಹೋದವರಲ್ಲಿ ಎಷ್ಟು ಮಂದಿ ಗುಣವಾಗಿ ಹೊರಗೆ ಬಂದರು? ಹೆರಿಗೆಗೆ ಅಂತ ಹೋದ ನೂರು ಹೆಣ್ಣುಮಕ್ಕಳಲ್ಲಿ ನಲವತ್ತೆರಡು ದಿನ ಆದಮೇಲೆ ಎಷ್ಟು ಮಂದಿ ಮನೆಯಲ್ಲಿ ಕೂಸಿನ ಜೊತೆ ಆರಾಮ ಇದ್ದಾರೆ?

ಇದೇನು ಹೊಸ ಪ್ರಶ್ನೆ ಅಲ್ಲ. ಅಮೆರಿಕದ ಬಾಸ್ಟನ್ ಊರಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಅಂತ ಒಬ್ಬ ಸರ್ಜನ್ ಇದ್ದ. ನೂರು ವರ್ಷಕ್ಕಿಂತ ಹಿಂದಿನ ಮಾತು. ಆಪರೇಷನ್ ಮಾಡಿದ ಪ್ರತಿ ರೋಗಿಗೂ ಒಂದು ಕಾರ್ಡ್ ಇಡಬೇಕು, ಒಂದು ವರ್ಷ ಬಿಟ್ಟು ಆ ರೋಗಿ ಹೇಗಿದ್ದಾನೆ ಅಂತ ನೋಡಿ ಬರೀಬೇಕು, ಕೆಟ್ಟಿದ್ದರೆ ಯಾಕೆ ಕೆಟ್ಟಿತು ಅಂತಲೂ ಬರೀಬೇಕು ಅನ್ನುವುದು ಅವನ ಹಟ. ದೊಡ್ಡ ಆಸ್ಪತ್ರೆಯವರು ಒಪ್ಪಲಿಲ್ಲ. ತಾನೇ ಒಂದು ಸಣ್ಣ ಆಸ್ಪತ್ರೆ ತೆಗೆದ. 1911ರಿಂದ 1916ರ ತನಕ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಲೆಕ್ಕವನ್ನು, ತನ್ನ ಕಡೆಯಿಂದ ಆದ 123 ತಪ್ಪುಗಳ ಸಮೇತ, ಅಚ್ಚು ಹಾಕಿಸಿ ಹಂಚಿದ. ಊರಿನ ಡಾಕ್ಟರುಗಳೆಲ್ಲ ಸಿಟ್ಟಾದರು, ಗಿರಾಕಿ ಕಳಕೊಂಡ, ಸಂಘದ ಹುದ್ದೆಯೂ ಹೋಯಿತು. ಇವತ್ತು ಅವನನ್ನು ಈ ವಿದ್ಯೆಯ ಪಿತಾಮಹ ಅಂತಾರೆ. ಸತ್ತಮೇಲೆ ಪಿತಾಮಹ ಮಾಡುವುದರಲ್ಲಿ ಅಮೆರಿಕದವರೂ ನಮ್ಮಂಥವರೇ.

ನಾನು ಡಾಕ್ಟರಲ್ಲ. ಗಬ್ಬೂರಿನಲ್ಲಿ ಕನ್ನಡ ಮೀಡಿಯಂ ಓದಿ, ಬಿಇ ಮಾಡಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಆದರೆ ನನ್ನ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಾವು ನಡೆಸುವ ಒಂದು ಸರ್ವಿಸ್ ರಾತ್ರಿ ಹತ್ತು ನಿಮಿಷ ನಿಂತರೂ ಮರುದಿನ ಎಲ್ಲರೂ ಕೂತು ಸಭೆ ಮಾಡಬೇಕು. ಎಷ್ಟು ಗಂಟೆಗೆ ಮೊದಲ ಸೂಚನೆ ಬಂತು, ಯಾರು ನೋಡಿದರು, ಯಾವ ಎಚ್ಚರಿಕೆ ಯಾಕೆ ಕೂಗಲಿಲ್ಲ, ಮುಂದೆ ಹೀಗಾಗದ ಹಾಗೆ ಏನು ಬದಲಿಸುತ್ತೀರಿ ಅಂತ ಬರೆದು ಇಡೀ ಕಂಪನಿಗೆ ಕಾಣುವ ಜಾಗದಲ್ಲಿ ಇಡಬೇಕು. ಯಾರದೋ ಕಾರ್ಟಿನಲ್ಲಿ ಇದ್ದ ಸೀರೆ ಹತ್ತು ನಿಮಿಷ ತಡವಾಗಿ ಬುಕ್ ಆದದ್ದಕ್ಕೆ ಇಷ್ಟು. ಈ ಸಭೆಗೆ ನಮ್ಮಲ್ಲಿ ಏನಂತಾರೆ ಗೊತ್ತೇನು? ಪೋಸ್ಟ್‌ಮಾರ್ಟಮ್. ಶಬ್ದ ಆಸ್ಪತ್ರೆಯಿಂದ ಎರವಲು ತಂದದ್ದು. ಕೊಟ್ಟವರ ಮನೆಯಲ್ಲೇ ಅದು ಈಗ ನಡೆಯುವುದು ಅಪರೂಪ ಆಗಿದೆ.

2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ತಿಂಗಳ ಎರಡನೇ ವಾರದಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕೆಟ್ಟರು. ಕಿಡ್ನಿ ಕೈಕೊಟ್ಟಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐದು ಮಂದಿ ತೀರಿಕೊಂಡರು. ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ಅನ್ನುವ ಸಲೈನ್ ಮೇಲೆ, ಪಶ್ಚಿಮ ಬಂಗಾಳದ ಒಂದು ಕಂಪನಿಯದು. ಆ ಕಂಪನಿಯ ಕೆಲವು ಬ್ಯಾಚುಗಳನ್ನು ನಮ್ಮ ರಾಜ್ಯದ ಲ್ಯಾಬು ಗುಣಮಟ್ಟ ಇಲ್ಲ ಅಂತ ಮೊದಲೇ ಹೇಳಿತ್ತು, ಕೇಂದ್ರದ ಲ್ಯಾಬು ಸರಿ ಇದೆ ಅಂದಿತು, ಸಲೈನ್ ಮತ್ತೆ ವಾರ್ಡಿಗೆ ಬಂತು. ಸರಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಪರಿಹಾರ ಘೋಷಿಸಿತು. ಎರಡು ತಿಂಗಳಲ್ಲಿ, 2025ರ ಜನವರಿಯಲ್ಲಿ, ಬಂಗಾಳದ ಮೇದಿನಿಪುರ ಮೆಡಿಕಲ್ ಕಾಲೇಜಿನಲ್ಲಿ ಬಾಣಂತಿಯೊಬ್ಬರು ತೀರಿಕೊಂಡಾಗ ಅಲ್ಲೂ ಅದೇ ಕಂಪನಿಯ ಸಲೈನ್ ಹೆಸರು ಬಂತು.

ಟಿವಿಯವರು ಸಲೈನ್ ಬಾಟಲಿ ಹಿಡಕೊಂಡೇ ಕೂತರು. ನಾನು ಬೇರೆ ಕಡೆ ನೋಡಿ ಅಂತೀನಿ. ಬಳ್ಳಾರಿಗೆ ಒಂದು ತಿಂಗಳು ಮೊದಲು, ಅಕ್ಟೋಬರಿನಲ್ಲಿ, ನಮ್ಮದೇ ಜಿಲ್ಲೆಯ ಸಿಂಧನೂರು ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದ ನಾಲ್ವರು ತಾಯಂದಿರು ತೀರಿಕೊಂಡಿದ್ದರು. ಅದು ಸುದ್ದಿಯಾದದ್ದು ಬಳ್ಳಾರಿ ಸುದ್ದಿಯಾದ ಮೇಲೆ. ಒಂದು ತಾಲೂಕು ಆಸ್ಪತ್ರೆಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ತಾಯಂದಿರ ಸಾವು ಅಂದರೆ ಅದು ಗಂಟೆ ಬಾರಿಸಬೇಕಾದ ಸಂಖ್ಯೆ. ಎಲ್ಲೋ ಒಂದು ಮೇಜಿನ ಮೇಲೆ ಕೆಂಪು ದೀಪ ಹತ್ತಬೇಕಿತ್ತು, ಕಲಬುರಗಿ, ಬಳ್ಳಾರಿ, ಕೊಪ್ಪಳಕ್ಕೆ ಅವತ್ತೇ ಫೋನ್ ಹೋಗಬೇಕಿತ್ತು: "ನಿಮ್ಮಲ್ಲೂ ಹಿಂಗೇನಾದ್ರೂ ಆಗಿದೆಯಾ, ಯಾವ ಬ್ಯಾಚಿನ ಮದ್ದು ವಾಪರಸಲಿಕ್ಕತ್ತೀರಿ?" ಆ ಫೋನ್ ಹೋಗಿದ್ದರೆ ಬಳ್ಳಾರಿಯ ಐವರಲ್ಲಿ ಕೆಲವರಾದರೂ ಇವತ್ತು ಇರುತ್ತಿದ್ದರೇನೋ. ಸಲೈನಿನಲ್ಲಿ ದೋಷ ಇತ್ತೋ, ಆಪರೇಷನ್ ಥಿಯೇಟರಿನಲ್ಲಿ ಸೋಂಕು ಇತ್ತೋ, ಎರಡೂ ಇತ್ತೋ, ಅದು ಲ್ಯಾಬಿನವರು ತೀರ್ಮಾನಿಸುವ ವಿಷಯ. ಸಂಖ್ಯೆ ನೋಡುವುದಕ್ಕೆ ಲ್ಯಾಬು ಬೇಕಾಗಿಲ್ಲ.

ಬಳ್ಳಾರಿ ಗದ್ದಲದ ನಂತರ ಸರಕಾರ ಏಪ್ರಿಲ್‌ನಿಂದ ಡಿಸೆಂಬರ್ 2024ರ ತನಕ ರಾಜ್ಯದಲ್ಲಿ ಆದ 464 ತಾಯಂದಿರ ಸಾವಿನ ಆಡಿಟ್ ಮಾಡಿಸಿತು. ವರದಿ ಹೇಳಿದ ಮಾತು: ಇವುಗಳಲ್ಲಿ ಸುಮಾರು 70 ಪರ್ಸೆಂಟ್ ತಪ್ಪಿಸಬಹುದಾಗಿದ್ದ ಸಾವುಗಳು. ಆ ಸಲೈನಿಗೆ ಸಂಬಂಧ ಇರಬಹುದು ಅಂತ ಗುರುತಿಸಿದ್ದು 18. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡ್ರಿ. 464ರಲ್ಲಿ 70 ಪರ್ಸೆಂಟ್ ಅಂದರೆ 320ರ ಮೇಲೆ. ಅದರಾಗ 18 ಸಲೈನಿಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದ ಮುನ್ನೂರು ಮಂದಿ? ಅವರ ಹೆಸರಿನಲ್ಲಿ ಒಂದು ಧರಣಿ ಆಗಲಿಲ್ಲ, ಒಬ್ಬ ಅಧಿಕಾರಿ ಅಮಾನತಾಗಲಿಲ್ಲ, ಒಂದು ಟಿವಿ ಡಿಬೇಟ್ ನಡೆಯಲಿಲ್ಲ. ಒಂದೇ ವಾರದಲ್ಲಿ ಒಂದೇ ವಾರ್ಡಿನಲ್ಲಿ ಸತ್ತರೆ ಸುದ್ದಿ. ಒಂಬತ್ತು ತಿಂಗಳಲ್ಲಿ ಮೂವತ್ತು ಜಿಲ್ಲೆಯಲ್ಲಿ ಒಬ್ಬೊಬ್ಬರಾಗಿ ಸತ್ತರೆ ಹಣೆಬರಹ.

ಇಲ್ಲಿ ಒಂದು ಹಳೆಯ ನಂಬಿಕೆ ಮುರಿಯಬೇಕು. ನಾವು ಹಳ್ಳಿಯವರು ಬಾಯಿಪಾಠ ಮಾಡಿಕೊಂಡು ಬಂದಿರುವುದು: ಆಸ್ಪತ್ರೆ ದೂರ, ಗಾಡಿ ಸಿಗಲಿಲ್ಲ, ಹೊತ್ತಿಗೆ ಮುಟ್ಟಲಿಲ್ಲ, ಅದಕ್ಕೇ ಸತ್ತರು. ನಮ್ಮ ಅಮ್ಮನ ಕಾಲಕ್ಕೆ ಇದು ಖರೆ. ಗಬ್ಬೂರಿನಲ್ಲಿ ಸೂಲಗಿತ್ತಿ ಬಂದು ಮನೆಯಲ್ಲೇ ಹೆರಿಗೆ ಮಾಡಿಸಿದ ತಲೆಮಾರು ಅದು. ಈಗ ಹಾಗಿಲ್ಲ. 2005ರಲ್ಲಿ ಜನನಿ ಸುರಕ್ಷಾ ಬಂತು, 2008ರಲ್ಲಿ 108 ಬಂತು, ಓಣಿಗೊಬ್ಬ ಆಶಾ ಅಕ್ಕ ಬಂದಳು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಇವತ್ತು ಸಾಯುವ ತಾಯಂದಿರಲ್ಲಿ ಬಹುತೇಕರು ಆಸ್ಪತ್ರೆ ಮುಟ್ಟಿ ಸಾಯುತ್ತಿದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಜಗತ್ತಿನ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಒಂದು ಲೆಕ್ಕ ಬಂತು. ಚಿಕಿತ್ಸೆಯಿಂದ ಉಳಿಸಬಹುದಾಗಿದ್ದ 86 ಲಕ್ಷ ಸಾವು ವರ್ಷಕ್ಕೆ. ಅದರಾಗ 36 ಲಕ್ಷ ಆಸ್ಪತ್ರೆಗೇ ಹೋಗದವರದ್ದು. ಉಳಿದ 50 ಲಕ್ಷ ಹೋದವರದ್ದು, ಹೋಗಿ ಸರಿಯಾದ ಚಿಕಿತ್ಸೆ ಸಿಗದೆ ಸತ್ತವರದ್ದು. ಮುಟ್ಟದವರಿಗಿಂತ ಮುಟ್ಟಿದವರೇ ಹೆಚ್ಚು. ಈ ಲೆಕ್ಕ ಓದಿದ ದಿನ ನನಗೆ ಹೊಳೆದದ್ದು, ನಾವು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿರುವ ಪ್ರಶ್ನೆಗೆ ಈಗ ಅರ್ಧ ಉತ್ತರ ಸಿಕ್ಕಿದೆ, ಆದರೆ ಪ್ರಶ್ನೆ ಬದಲಿಸುವುದನ್ನು ಮರೆತಿದ್ದೇವೆ.

ಈಗ ನಮ್ಮವರಿಗೆ ಸಿಟ್ಟು ಬರುವ ಮಾತಿಗೆ ಬರ್ತೀನಿ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಿಂದ ಧರಣಿ ಶುರುವಾಯಿತು. ಸಾವಿರ ದಿನ ದಾಟಿ ನಡೆದ ಹೋರಾಟ ಅದು. ಐಐಟಿ ಧಾರವಾಡಕ್ಕೆ ಹೋದ ಸಿಟ್ಟು ಅದರ ಹಿಂದಿದೆ, 371(ಜೆ) ಬಂದರೂ ಬದಲಾಗದ ಬದುಕಿನ ಸಿಟ್ಟಿದೆ. ಆ ಸಿಟ್ಟು ನನ್ನದೂ ಹೌದು. ಏಮ್ಸ್ ಬರಲಿ, ಬರಬೇಕು. ಆದರೆ ಆ ಧರಣಿಗೆ ಕೂತ ಹಿರಿಯರೊಬ್ಬರನ್ನು, ನಮಗೆ ದೂರದ ಸಂಬಂಧ, ನಾನು ಕೇಳಿದೆ: "ಕಾಕಾ, ರಿಮ್ಸ್ ಶುರುವಾಗಿ ಇಷ್ಟು ವರ್ಷ ಆತಲ್ಲ, ಅದರಾಗ ವರ್ಷಕ್ಕೆ ಎಷ್ಟು ಮಂದಿ ಗುಣ ಆಗ್ಯಾರ, ಎಷ್ಟು ಮಂದಿಗಿ ಆಪರೇಷನ್ ಆದಮ್ಯಾಲ ಕೀವು ಆಗ್ಯಾದ, ಯಾರರೆ ಒಬ್ಬರು ಕೇಳೀರೇನು?"

"ಅದನ್ಯಾಕ ಕೇಳ್ಬೇಕೋ ತಮ್ಮಾ? ಅದು ಡಾಕ್ಟರ ಕೆಲಸ. ನಮ್ಮ ಕೆಲಸ ದವಾಖಾನಿ ತರಿಸೂದು."

ಇದೇ ನನ್ನ ಜಗಳ. ನಮ್ಮ ಭಾಗದ ರಾಜಕೀಯ ಪೂರ್ತಿ "ತರಿಸೂದು" ಮೇಲೆ ನಿಂತಿದೆ. ಇದಕ್ಕೆ ಒಂದು ಇತಿಹಾಸವೂ ಇದೆ. 2002ರಲ್ಲಿ ಬಂದ ನಂಜುಂಡಪ್ಪ ಸಮಿತಿ ವರದಿ 35 ಮಾನದಂಡ ಇಟ್ಟುಕೊಂಡು ತಾಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ ನಮ್ಮ ದೇವದುರ್ಗವೂ ಬಂತು. ಆರೋಗ್ಯದ ಬಾಬ್ತಿನಲ್ಲಿ ಆ ವರದಿ ಎಣಿಸಿದ್ದು ಹತ್ತು ಸಾವಿರ ಜನಕ್ಕೆ ಎಷ್ಟು ಡಾಕ್ಟರು, ಎಷ್ಟು ಹಾಸಿಗೆ ಅಂತ. ಆ ಕಾಲಕ್ಕೆ ಅದು ಸರಿಯಾದ ಅಳತೆ, ಏನೂ ಇಲ್ಲದ ಊರಿನಲ್ಲಿ ಏನಿಲ್ಲ ಅಂತ ಎಣಿಸುವುದೇ ಮೊದಲ ಕೆಲಸ. ನಂಜುಂಡಪ್ಪನವರ ಮೇಲೆ ನನ್ನ ತಕರಾರಿಲ್ಲ. ಇಪ್ಪತ್ತು ವರ್ಷದ ಮೇಲೂ ಅದೇ ಗಜಕಡ್ಡಿ ಹಿಡಕೊಂಡು ನಿಂತವರ ಮೇಲೆ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಕಟ್ಟಡಕ್ಕೆ ಬಂತು, ಫಲಕ ಬಿತ್ತು, ಟೇಪು ಕತ್ತರಿಸಿದರು. ಕಟ್ಟಡದೊಳಗೆ ಏನಾಯಿತು ಅನ್ನುವುದಕ್ಕೆ ಫಲಕ ಇಲ್ಲ. 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಯಾದಗಿರಿ ಮತ್ತು ರಾಯಚೂರು ಇವೆ. ಹೆಸರೇನೋ ಚೆಂದ. 49 ಸೂಚ್ಯಂಕಗಳ ಡ್ಯಾಶ್‌ಬೋರ್ಡು, ತಿಂಗಳಿಗೊಂದು ರ‍್ಯಾಂಕು. ಡ್ಯಾಶ್‌ಬೋರ್ಡು ಕಟ್ಟಿ ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ, ಯಾವುದನ್ನು ತೋರಿಸುತ್ತೀರೋ ಜನ ಅದನ್ನೇ ಏರಿಸುತ್ತಾರೆ. ಗರ್ಭಿಣಿ ನೋಂದಣಿ ಎಷ್ಟು ಅಂತ ಕೇಳಿದರೆ ನೋಂದಣಿ ಏರುತ್ತದೆ. ನೋಂದಣಿಯಾದವಳ ಬಿಪಿ ನೋಡಿದ್ರಾ, ಏರಿದ್ದು ಕಂಡಮೇಲೆ ಏನು ಮಾಡಿದ್ರಿ ಅಂತ ಕೇಳದಿದ್ದರೆ ಆ ಕಾಲಮ್ಮಿನಲ್ಲಿ 110/70 ಅಂತ ಎಲ್ಲರಿಗೂ ಒಂದೇ ಸಂಖ್ಯೆ ಬೀಳುತ್ತದೆ. ತಾಯಿ ಕಾರ್ಡ್ ತೆಗೆದು ನೋಡಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಬಿಪಿ ಅಂದೆನಲ್ಲ, ಒಂದು ಮನೆಯ ಮಾತು ಹೇಳಿ ಮುಂದೆ ಹೋಗ್ತೀನಿ. ಕೆಲ ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗಳು, ನನಗೆ ಅಕ್ಕ ಆಗಬೇಕು, ಎಂಟು ತಿಂಗಳು ತುಂಬಿದಾಗ ತಲೆಸಿಡಿತ ಅಂತ ನಮ್ಮ ಕಡೆಯ ಒಂದು ಸರಕಾರಿ ಆಸ್ಪತ್ರೆಗೆ ಹೋದಳು. ರಾತ್ರಿ ಅಲ್ಲೇ ಫಿಟ್ಸ್ ಬಂತು. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು, ಅವರು ಮೂರನೆಯದಕ್ಕೆ ಕಳಿಸಿದರು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅಕ್ಕ ಹನ್ನೊಂದು ದಿನ ಮಲಗಿ ಎದ್ದಳು. ದೊಡ್ಡಪ್ಪ ಮೊದಲ ಆಸ್ಪತ್ರೆಯವರು ಕೊಟ್ಟ ಚೀಟಿ ನನ್ನ ಕೈಗಿಟ್ಟು, "ಏನ್ ಬರದಾರ ಓದಪಾ" ಅಂದರು. ಒಂದೇ ಸಾಲು: ಹೆಚ್ಚಿನ ಚಿಕಿತ್ಸೆಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸಲಾಗಿದೆ. ಬಿಪಿ ಎಷ್ಟಿತ್ತು, ಇಲ್ಲ. ಫಿಟ್ಸ್ ಎಷ್ಟು ಗಂಟೆಗೆ ಬಂತು, ಇಲ್ಲ. ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರೋ ಇಲ್ಲವೋ, ಅದೂ ಇಲ್ಲ. ಈ ಇಂಜೆಕ್ಷನ್ ಭಾರೀ ತುಟ್ಟಿಯ ಮದ್ದೇನಲ್ಲ. ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬರುವ ಅಪಾಯವನ್ನು ಅದು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ ಅಂತ 2002ರಲ್ಲೇ ಹಲವು ದೇಶಗಳ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಚೀಟಿಯಲ್ಲಿ ಅದಿಲ್ಲ ಅಂದರೆ ಮುಂದಿನ ಡಾಕ್ಟರು ಮೊದಲಿನಿಂದ ಶುರು ಮಾಡಬೇಕು.

ನನಗೆ ಆ ಚೀಟಿಯಿಂದ ಇನ್ನೊಂದು ವಿಷಯ ಗೊತ್ತಾಯಿತು. ಮೊದಲ ಆಸ್ಪತ್ರೆಯ ಆ ತಿಂಗಳ ಲೆಕ್ಕದಲ್ಲಿ ನಮ್ಮ ಅಕ್ಕನ ಕೂಸು ಸತ್ತಿಲ್ಲ. ಎರಡನೆಯದರ ಲೆಕ್ಕದಲ್ಲೂ ಸತ್ತಿಲ್ಲ. ಎರಡೂ ಕಡೆ ಅವಳು "ರೆಫರ್ಡ್". ಸಾವು ಬಿದ್ದದ್ದು ಮೂರನೇ ಆಸ್ಪತ್ರೆಯ ಖಾತೆಗೆ, ಅಂದರೆ ಕೊನೆಗೆ ಕೈಹಿಡಿದು ಅವಳನ್ನು ಉಳಿಸಿದವರ ಖಾತೆಗೆ. ನಮ್ಮ ಕೆಲಸದಲ್ಲೂ ಹೀಗಾಗುತ್ತದೆ. ಸಾಲಿನ ಕೊನೆಯ ಸರ್ವರಿನಲ್ಲಿ ಎರರ್ ಕಾಣುತ್ತದೆ, ಹೊಸಬ ಅದನ್ನೇ ಬೈಯುತ್ತಾನೆ. ಹಳಬ ಹಿಂದಿನ ಮೂರು ಸರ್ವರುಗಳ ಲಾಗ್ ತೆಗೆಯುತ್ತಾನೆ. ನಮ್ಮ ಆರೋಗ್ಯ ಇಲಾಖೆಯಲ್ಲಿ ಪ್ರತಿ ಆಸ್ಪತ್ರೆಯ ಲಾಗ್ ಆ ಆಸ್ಪತ್ರೆಯ ಗೇಟಿನಲ್ಲೇ ಮುಗಿಯುತ್ತದೆ.

ಒಂದಾನೊಂದು ಕಾಲಕ್ಕೆ ರಾಯಚೂರು ಜಿಲ್ಲೆಯೇ ಆಗಿದ್ದ ಕೊಪ್ಪಳದಲ್ಲಿ ಈ ಲಾಗ್ ಜೋಡಿಸುವ ಕೆಲಸ ನಡೆದಿದೆ ಅಂತ ಎಷ್ಟು ಮಂದಿಗೆ ಗೊತ್ತು? ಬೆಂಗಳೂರಿನ ಐಐಎಮ್ಮಿನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಅವರ ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಕೂತು ತಾಯಂದಿರ ಸಾವುಗಳನ್ನು ಒಂದೊಂದಾಗಿ ವಿಚಾರಿಸಿದರು. ಮನೆಯವರು ಒಂದು ಕಥೆ ಹೇಳುತ್ತಾರೆ, ನರ್ಸಮ್ಮ ಒಂದು, ಡಾಕ್ಟರು ಇನ್ನೊಂದು. ಕುರೊಸಾವಾನ 'ರಶೋಮನ್' ಸಿನಿಮಾದ ಹಾಗೆ. ಅವರ ಪ್ರಬಂಧದ ಹೆಸರಿನಲ್ಲೂ ರಶೋಮನ್ ಇದೆ. ಯಾರು ಸುಳ್ಳು ಹೇಳಿದರು ಅಂತ ಹಿಡಿಯುವುದು ಅವರ ಗುರಿಯಲ್ಲ. ಎಲ್ಲ ಕಥೆ ಒಂದರ ಪಕ್ಕ ಒಂದಿಟ್ಟಾಗ ಎಲ್ಲಿ ಹೊತ್ತು ಹೋಯಿತು, ಎಲ್ಲಿ ಗುರುತಿಸಬೇಕಾದ್ದನ್ನು ಗುರುತಿಸಲಿಲ್ಲ ಅನ್ನುವುದು ಕಾಣುತ್ತದೆ. ಅದಕ್ಕೂ ಮೊದಲು, 2007ರಲ್ಲಿ, ಆಶಾ ಜಾರ್ಜ್ ಅದೇ ಕೊಪ್ಪಳದ ಬಗ್ಗೆ ಬರೆದಿದ್ದರು: ಸೌಕರ್ಯ ಇದ್ದರೂ ಸಾವು ಯಾಕೆ ಇಳಿಯುತ್ತಿಲ್ಲ ಅಂತ. ನಮ್ಮ ಬದುಕಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದದ್ದು ಇಂಗ್ಲಿಷ್ ಜರ್ನಲ್ಲಿನಲ್ಲಿದೆ. ನಮ್ಮ ಜಿಲ್ಲಾ ಪಂಚಾಯತ್ ಸದಸ್ಯರಲ್ಲಿ ಒಬ್ಬರಿಗೂ ಅದು ಮುಟ್ಟಿಲ್ಲ ಅಂತ ನಾನು ಬೆಟ್ ಕಟ್ತೀನಿ.

ಲೆಕ್ಕ ಇಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನುವ ಭೋಳೆ ನಾನಲ್ಲ. ಇದಕ್ಕೂ ಕರ್ನಾಟಕದ್ದೇ ಒಂದು ಪಾಠ ಇದೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಚೆಕ್‌ಲಿಸ್ಟನ್ನು ಮೊದಲು ಪ್ರಯೋಗ ಮಾಡಿ ನೋಡಿದ ಜಾಗಗಳಲ್ಲಿ ನಮ್ಮ ರಾಜ್ಯದ ಒಂದು ಹೆರಿಗೆ ಆಸ್ಪತ್ರೆಯೂ ಸೇರಿತ್ತು. ಕೈ ತೊಳೆಯುವುದು, ಬಿಪಿ ನೋಡುವುದು, ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯುವ ಇಂಜೆಕ್ಷನ್ ಕೊಡುವುದು, ಹೀಗೆ ಮಾಡಲೇಬೇಕಾದ 29 ಕೆಲಸ. ಚೆಕ್‌ಲಿಸ್ಟ್ ಬರುವ ಮೊದಲು ಸರಾಸರಿ ಹತ್ತು ಆಗುತ್ತಿದ್ದವು, ಬಂದಮೇಲೆ ಇಪ್ಪತ್ತೈದು. ಎಲ್ಲರೂ ಹಿಗ್ಗಿದರು. ಮುಂದೆ ಇದನ್ನೇ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ-ಮಕ್ಕಳ ಮೇಲೆ ದೊಡ್ಡದಾಗಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ನರ್ಸುಗಳ ಕೆಲಸ ಸುಧಾರಿಸಿತ್ತು. ಸಾವು ಇಳಿದಿರಲಿಲ್ಲ.

ಇದನ್ನು ಓದಿ ಕೆಲವರು "ನೋಡಿದ್ರಾ, ಸಂಶೋಧನೆ ಎಲ್ಲ ವೇಸ್ಟು" ಅಂತಾರೆ. ನಾನು ಉಲ್ಟಾ ಹೇಳ್ತೀನಿ. ಆ ಮಂದಿ ಟಿಕ್ ಮಾರ್ಕು ಎಣಿಸಿ ನಿಲ್ಲಿಸಿದ್ದರೆ ನಾವು ಇವತ್ತೂ ಚೆಕ್‌ಲಿಸ್ಟಿಗೆ ಸನ್ಮಾನ ಮಾಡುತ್ತಾ ಇರುತ್ತಿದ್ದೆವು. ಮನೆಗೆ ಹೋದಮೇಲೆ ತಾಯಿ ಮತ್ತು ಕೂಸು ಬದುಕಿವೆಯಾ ಅಂತ ವಿಚಾರಿಸಿದ್ದರಿಂದಲೇ ಗೊತ್ತಾದದ್ದು, ಚೆಕ್‌ಲಿಸ್ಟ್ ಒಂದೇ ಸಾಲದು, ತೊಂದರೆ ಕಂಡಮೇಲೆ ರಕ್ತ ಬೇಕು, ಅರಿವಳಿಕೆ ಡಾಕ್ಟರು ಬೇಕು, ಹೊತ್ತಿಗೆ ಸರಿಯಾದ ರೆಫರಲ್ ಬೇಕು ಅಂತ. ಅವೆಡಿಸ್ ಡೊನಬೇಡಿಯನ್ ಅನ್ನುವವರು 1966ರಲ್ಲೇ ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆ ನೋಡಬೇಕು ಅಂದಿದ್ದರು: ಏನಿದೆ, ಏನು ಮಾಡಿದರು, ಕೊನೆಗೆ ಏನಾಯಿತು. ನಾವು ಅರವತ್ತು ವರ್ಷದ ನಂತರವೂ ಮೊದಲನೆಯದರಲ್ಲೇ ಟೆಂಟ್ ಹಾಕಿ ಕೂತಿದ್ದೇವೆ.

ಕೇರಳ ಏನು ಮಾಡಿತು? 2018-20ರ ಸರಕಾರಿ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ಐದೂ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಕೃಷ್ಣಾ ನದಿ ಆಚೆಗೆ ದಾಟಿದರೆ ತೆಲಂಗಾಣ, ನಮ್ಮ ಹಾಗೇ ಬಿಸಿಲು, ನಮ್ಮ ಹಾಗೇ ಹತ್ತಿ, ಅದೇ ನಿಜಾಮನ ಆಳ್ವಿಕೆಯ ಹಿನ್ನೆಲೆ. ಕೇರಳ ಬಿಡ್ರಿ, ಅವರು ಓದಿದವರು ಅಂತ ತಳ್ಳಿಹಾಕಬಹುದು. ಆದರೆ ಓದಿದವರು ಅನ್ನುವುದಷ್ಟೇ ಅಲ್ಲ. 2004ರಿಂದ ಅಲ್ಲಿಯ ಹೆರಿಗೆ ತಜ್ಞರ ಸಂಘ ಸರಕಾರದ ಜೊತೆ ಸೇರಿ ಪ್ರತಿ ತಾಯಿಯ ಸಾವಿನ ಗೋಪ್ಯ ಪರಿಶೀಲನೆ ನಡೆಸುತ್ತಾ ಬಂದಿದೆ. ಬ್ರಿಟನ್ನಿನಲ್ಲಿ 1952ರಿಂದ ಇರುವ ಪದ್ಧತಿ ಅದು. ಡಾಕ್ಟರ ಹೆಸರಿಲ್ಲ, ಆಸ್ಪತ್ರೆ ಹೆಸರಿಲ್ಲ, ಸತ್ತವಳ ಹೆಸರಿಲ್ಲ. ಆದರೆ ಏನಾಯಿತು ಅನ್ನುವುದೆಲ್ಲ ಇರುತ್ತದೆ, ಅದನ್ನು ಪುಸ್ತಕವಾಗಿ ಅಚ್ಚು ಹಾಕಿ ಎಲ್ಲ ಹೆರಿಗೆ ಡಾಕ್ಟರುಗಳಿಗೂ ಓದಿಸುತ್ತಾರೆ. ರಕ್ತಸ್ರಾವದಿಂದ ಹೆಚ್ಚು ಸಾಯುತ್ತಿದ್ದಾರೆ ಅಂತ ಕಂಡಾಗ ರಕ್ತಸ್ರಾವಕ್ಕೇ ಒಂದು ನಿಯಮಾವಳಿ ಮಾಡಿ ಆಸ್ಪತ್ರೆಗಳಿಗೆ ತರಬೇತಿ ಕೊಟ್ಟರು. ಕಾಯ್ದೆ ತಂದು ಹೆದರಿಸಿ ಮಾಡಿಸಿದ್ದಲ್ಲ, ಡಾಕ್ಟರುಗಳು ತಾವೇ ಮೇಜಿನ ಸುತ್ತ ಕೂತು ಮಾಡಿದ್ದು.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಕೇಂದ್ರದ 2017ರ ಮಾರ್ಗಸೂಚಿ ಪ್ರಕಾರ ಪ್ರತಿ ತಾಯಿಯ ಸಾವನ್ನೂ 24 ಗಂಟೆಯೊಳಗೆ ತಿಳಿಸಬೇಕು, ಜಿಲ್ಲಾ ಸಮಿತಿ ಕೂತು ನೋಡಬೇಕು, ಜಿಲ್ಲಾಧಿಕಾರಿಗಳ ಮಟ್ಟದ ವಿಚಾರಣೆಗೆ ಸತ್ತವಳ ಮನೆಯವರನ್ನೂ ಕರೆಯಬೇಕು. ಕಾಗದದಲ್ಲಿ ಬಂಗಾರದಂಥಾ ನಿಯಮ. ನಮ್ಮ ಹೋಬಳಿಯಲ್ಲಿ ಮಗಳನ್ನು ಕಳಕೊಂಡ ಯಾವ ಅಪ್ಪನಿಗೂ ಅಂಥ ಕರೆ ಬಂದದ್ದನ್ನು ನಾನು ಇವತ್ತಿನ ತನಕ ಕೇಳಿಲ್ಲ. ಸಮಿತಿ ಕೂತಿತ್ತು ಅಂತಲೇ ಇಟ್ಟುಕೊಳ್ಳೋಣ, ಏನು ಕಂಡುಕೊಂಡಿತು ಅನ್ನುವುದು ಫೈಲಿನಾಚೆ ಬರುವುದಿಲ್ಲ. ದೇವದುರ್ಗದಲ್ಲಿ ಕಲಿತದ್ದು ಮಾನ್ವಿಗೆ ಗೊತ್ತಾಗುವುದಿಲ್ಲ.

ಡಾಕ್ಟರ ಮಿತ್ರರೊಬ್ಬರು ಈ ವಾದಕ್ಕೆ ನನ್ನ ಮೇಲೆ ಹರಿಹಾಯ್ದರು. "ನೀವು ಎಸಿಯೊಳಗ ಕೂತು ಮಾತಾಡ್ತೀರಿ. ನಂಬರ್ ಗೋಡಿ ಮ್ಯಾಲ ಹಚ್ಚಿದ ಮರುದಿನ ಊರ ಮಂದಿ ಬಂದು ನಮ್ಮ ಕೊರಳಪಟ್ಟಿ ಹಿಡೀತಾರ. ಇಬ್ಬರು ಮಾಡೂ ಕೆಲಸ ಒಬ್ಬನೇ ಮಾಡಲಿಕ್ಕತ್ತೀನಿ, ಅದರ ನಂಬರ್ ಯಾವಾಗ ಹಚ್ತೀರಿ?" ಅವರ ಮಾತಿನಲ್ಲಿ ಎರಡು ವಿಷಯ ಇವೆ, ಎರಡೂ ಖರೆ. ಬರೀ ಸಾವಿನ ಸಂಖ್ಯೆ ಹಚ್ಚಿದರೆ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಕೆಟ್ಟ ಹೆಸರು ಬರುತ್ತದೆ, ಯಾಕಂದ್ರೆ ಸುತ್ತಲಿನ ತಾಲೂಕುಗಳು ಕೈಚೆಲ್ಲಿದವರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಾರೆ. ಆದ್ದರಿಂದಲೇ ಬಂದಾಗ ರೋಗಿ ಯಾವ ಸ್ಥಿತಿಯಲ್ಲಿದ್ದಳು, ಎಲ್ಲಿಂದ ಬಂದಳು ಅನ್ನುವುದನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ಇದು ಕಷ್ಟದ ಗಣಿತ ಅಲ್ಲ, ಬೇರೆ ದೇಶಗಳಲ್ಲಿ ದಿನಾ ಮಾಡುತ್ತಾರೆ. ಎರಡನೆಯದು ಖಾಲಿ ಹುದ್ದೆ. ಆದರೆ ಡಾಕ್ಟರೇ, ಲೆಕ್ಕ ನಿಮ್ಮ ವಿರುದ್ಧ ಅಲ್ಲ, ನಿಮ್ಮ ಪರವಾಗಿ ಸಾಕ್ಷಿ ಹೇಳುವುದು. ಅರಿವಳಿಕೆ ತಜ್ಞರು ಇಲ್ಲದ ತಿಂಗಳಲ್ಲಿ ಇಷ್ಟು ರೆಫರಲ್, ಅದರಾಗ ಇಷ್ಟು ಸಾವು ಅಂತ ಕಾಗದದ ಮೇಲೆ ಇದ್ದರೆ ಖಾಲಿ ಹುದ್ದೆ ಅನ್ನುವುದು ಬರೀ ಗೊಣಗಾಟ ಆಗಿ ಉಳಿಯುವುದಿಲ್ಲ. ಇವತ್ತು ಲೆಕ್ಕ ಇಲ್ಲದ್ದರಿಂದಲೇ ತಪ್ಪೆಲ್ಲ ಕೊನೆಗೆ ಡ್ಯೂಟಿಯಲ್ಲಿದ್ದವರ ತಲೆಗೆ ಬರುತ್ತದೆ.

ಖಾಸಗಿಯವರನ್ನು ಬಿಟ್ಟಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ದರಪಟ್ಟಿ ಹಾಕಬೇಕು. 2017ರಲ್ಲಿ ಆ ಕಾಯ್ದೆ ಬಿಗಿ ಮಾಡಲು ಹೋದಾಗ ರಾಜ್ಯದ ತುಂಬ ಡಾಕ್ಟರು ಬಾಗಿಲು ಹಾಕಿದ್ದು ನೆನಪಿರಬಹುದು. ಆ ಗಲಾಟೆಯಲ್ಲೂ ಜಗಳ ಇದ್ದದ್ದು ರೇಟಿನ ಬಗ್ಗೆ. ನನಗೆ ರೇಟಿನ ಪಕ್ಕದಲ್ಲಿ ಇನ್ನೊಂದು ಕಾಲಮ್ ಬೇಕು.

ಹೊಸ ದುಡ್ಡೂ ಬೇಡ, ಹೊಸ ಆ್ಯಪೂ ಬೇಡ. ಆ್ಯಪುಗಳ ಕಾಟದಿಂದಲೇ ನಮ್ಮ ಆಶಾ ಅಕ್ಕಂದಿರು ಬೇಸತ್ತಿದ್ದಾರೆ. ಪೋರ್ಟಲ್ಲಿನಲ್ಲಿ ಎಂಟ್ರಿ ಆಗಲಿಲ್ಲ ಅಂತ ಪ್ರೋತ್ಸಾಹಧನ ಕೈತಪ್ಪುವುದು ಅವರ ಹಳೆಯ ದೂರು, 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದಾಗಲೂ ಅದನ್ನೇ ಹೇಳಿದರು. ಅವರು ಈಗಲೇ ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ಕೂಸಿನ ತೂಕ ನೋಡುತ್ತಾರೆ, ತಾಯಿಯ ಜ್ವರ, ರಕ್ತಸ್ರಾವ ಕೇಳುತ್ತಾರೆ, ಫಾರ್ಮು ತುಂಬುತ್ತಾರೆ. ಅಂದರೆ ಕಾಡ್‌ಮನ್ ಹಟ ಮಾಡಿ ಬರೆಸಬೇಕು ಅಂದ ಕಾರ್ಡನ್ನು ಗಬ್ಬೂರಿನ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಕಡಿಮೆ ಗೌರವಧನಕ್ಕೆ ಬರೆಯುತ್ತಲೇ ಇದ್ದಾಳೆ. ಆ ಫಾರ್ಮು ಅವಳ ಪ್ರೋತ್ಸಾಹಧನದ ಬಿಲ್ಲಿಗೆ ಲಗತ್ತಾಗಿ ಮೇಲೆ ಹೋಗುತ್ತದೆ. ಹೆರಿಗೆ ಮಾಡಿಸಿದ ಆಸ್ಪತ್ರೆಗೆ ವಾಪಸ್ ಹೋಗುವುದಿಲ್ಲ. ಅದನ್ನು ವಾಪಸ್ ಕಳಿಸಿ, ಆಸ್ಪತ್ರೆವಾರು ಕೂಡಿಸಿ, ಮೂರು ತಿಂಗಳಿಗೊಮ್ಮೆ ತಾಲೂಕು ಪಂಚಾಯತ್ ಬೋರ್ಡಿನ ಮೇಲೆ ಹಚ್ಚಿ ಅನ್ನುವುದಷ್ಟೇ ನನ್ನ ಬೇಡಿಕೆ. ಏಮ್ಸ್ ಹೋರಾಟದ ಬ್ಯಾನರಿನಲ್ಲಿ ಒಂದು ಸಾಲು ಇದಕ್ಕೂ ಇರಲಿ.

ಸಮಿತಿಯವರು ಆ ಸಾಲು ಬರೆಯುವ ತನಕ ಕಾಯುವುದು ಬೇಡ ಅಂತ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಹತ್ತು ರೂಪಾಯಿ. ಹಾಗಾಗಿ ಚಿಕ್ಕದಾಗಿಯೇ ಕೇಳಿದ್ದೇನೆ: ಕಳೆದ ಎರಡು ವರ್ಷದಲ್ಲಿ ದೇವದುರ್ಗ ತಾಲೂಕಿನ ಸರಕಾರಿ ಆಸ್ಪತ್ರೆಗಳಿಂದ ಬೇರೆ ಕಡೆಗೆ ರೆಫರ್ ಮಾಡಿದ ಗರ್ಭಿಣಿ ಮತ್ತು ಬಾಣಂತಿಯರ ಸಂಖ್ಯೆ ತಿಂಗಳುವಾರು ಎಷ್ಟು, ಅವರಲ್ಲಿ ಮುಂದೆ ಏನಾಯಿತು ಅಂತ ದಾಖಲೆ ಇರುವವರು ಎಷ್ಟು, ತಾಯಿಯ ಸಾವಿನ ಪರಿಶೀಲನಾ ಸಭೆಗಳು ಯಾವ ಯಾವ ದಿನ ನಡೆದವು, ಅವುಗಳಲ್ಲಿ ಎಷ್ಟಕ್ಕೆ ಮನೆಯವರನ್ನು ಕರೆದಿದ್ದರು. ಮಾನ್ವಿ, ಸಿಂಧನೂರು, ಲಿಂಗಸುಗೂರಿನವರು ತಾಲೂಕಿನ ಹೆಸರು ಬದಲಿಸಿ ಇದನ್ನೇ ಬರಕೊಂಡು ಹಾಕ್ರಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆ ಇದೆ.